ಸಂಬಳದ ದಿನದ ಅಂಗಡಿಗಳು

ಹೋದ ದೀಪಾವಳಿಗೆ ಭದ್ರಾವತಿಗೆ ಹೋದಾಗ ಅಪ್ಪ ಅಂಗಡಿಯ ಅಟ್ಟ ಖಾಲಿ ಮಾಡಿಸುತ್ತಿದ್ದರು. ಹಳೇ ತಕ್ಕಡಿ, ತುಕ್ಕು ಹಿಡಿದ ಎಣ್ಣೆ ಡಬ್ಬ, ಸೇರು, ಪಾವು, ಇಲಿ ತಿಂದ ಗೋಣಿಚೀಲ, ಎಲ್ಲದರ ಕೆಳಗೆ ಕೆಂಪು ರಟ್ಟಿನ ಉದ್ದುದ್ದ ಪುಸ್ತಕಗಳು. ತಾತ ಬರೆದಿಟ್ಟ ಕಡದ ಪುಸ್ತಕಗಳು. ಎಣಿಸಿದೆ, ನಲವತ್ತೊಂದು ಇದ್ದವು. ಗುಜರಿಯವನು ಹೊರಗೆ ನಿಂತು ಕಾಯುತ್ತಿದ್ದ. ಐದು ನಿಮಿಷ ತಡಿ ಮಾರಾಯ ಅಂತ ಅವನಿಗೆ ಹೇಳಿ ಒಂದನ್ನು ಬಿಡಿಸಿ ಕೂತೆ.

1974ನೇ ಇಸವಿಯದ್ದು. ಪುಟಪುಟದಲ್ಲೂ ಲೆಕ್ಕ, ಆದರೆ ಒಂದೇ ಒಂದು ಹೆಸರಿಲ್ಲ! "ಫೌಂಡ್ರಿ 318: ಅಕ್ಕಿ, ಬೆಲ್ಲ, ಕಡ್ಲೆಬೇಳೆ". "ರೋಲಿಂಗ್ ಮಿಲ್ 77: ಕೊಬ್ಬರಿ ಎಣ್ಣೆ, ಸೋಪು". ಕಾರ್ಖಾನೆಯ ಡಿಪಾರ್ಟ್‌ಮೆಂಟು, ಕೆಲಸಗಾರನ ಟಿಕೆಟ್ ನಂಬರು, ಅಷ್ಟೆ. ಅಪ್ಪನ್ನ ಕೇಳಿದ್ದಕ್ಕೆ, "ಹೆಸರು ಬರೆದ್ರೆ ಹತ್ತು ಜನ ಮಂಜಣ್ಣ, ಇಪ್ಪತ್ತು ಜನ ಮುರುಗೇಶ ಇರ್ತಿದ್ರು. ನಂಬರಾದ್ರೆ ಒಂದೇ" ಅಂದರು. ಹಾಗಾದರೆ ನಮ್ಮದು ಅಕ್ಷರಶಃ ಡಿಪಾರ್ಟ್‌ಮೆಂಟ್ ಸ್ಟೋರ್ ಆಗಿತ್ತು ಅಂದೆ. ಅಪ್ಪ ನಗಲಿಲ್ಲ. :)

ಆ ಜೋಕು ಅಲ್ಲಿಗೇ ಮುಗಿಯಿತು, ಆದರೆ ವಿಷಯ ತಲೆಯಲ್ಲಿ ಉಳಿಯಿತು. ಶಿವಮೊಗ್ಗ, ಭದ್ರಾವತಿಗಳ ಅಂಗಡಿಗಳ ಬಗ್ಗೆ ಬರೀಬೇಕು ಅಂತ ಅವತ್ತಿನಿಂದ ಅಂದುಕೊಳ್ಳುತ್ತಿದ್ದೆ, ಇವತ್ತು ಕೂತಿದ್ದೇನೆ. ನಾನೇನು ಇತಿಹಾಸ ಓದಿದವನಲ್ಲ, ಓದಿದ್ದು ಎಂಜಿನಿಯರಿಂಗು, ಮಾಡೋದು ಸಾಫ್ಟ್‌ವೇರು. ಆದರೂ ನನ್ನನ್ನು ಕಾಡುವ ಪ್ರಶ್ನೆ ಒಂದಿದೆ. 1971ರ ಜನಗಣತಿ ತೆಗೆದು ನೋಡಿದರೆ ಈ ಎರಡೂ ಊರುಗಳ ಜನಸಂಖ್ಯೆ ಹೆಚ್ಚುಕಮ್ಮಿ ಒಂದೇ, ಒಂದು ಲಕ್ಷದ ಆಸುಪಾಸು. ನಡುವಿನ ದೂರ ಇಪ್ಪತ್ತು ಕಿಲೋಮೀಟರೂ ಇಲ್ಲ. ತಿಂಗಳು ತಿಂಗಳು ಖಚಿತವಾಗಿ ಸಂಬಳ ಬರುತ್ತಿದ್ದ ಊರು ಅಂದರೆ ಭದ್ರಾವತಿ. ಆದರೂ ಹಬ್ಬಕ್ಕೆ ಬಟ್ಟೆ, ಮದುವೆಗೆ ಚಿನ್ನ ಅಂದರೆ ಭದ್ರಾವತಿಯವರು ಬಸ್ಸು ಹತ್ತಿ ಶಿವಮೊಗ್ಗಕ್ಕೇ ಹೋಗುತ್ತಿದ್ದರು. ಯಾಕೆ?

*

ಮೊದಲು ಸ್ವಲ್ಪ ದೂರ ಹೋಗಿ ಬರೋಣ. ಎರಡು ವರ್ಷದ ಹಿಂದೆ ಆಫೀಸಿನವರು ಮೂರು ತಿಂಗಳ ಮಟ್ಟಿಗೆ ಅಮೆರಿಕದ ರೋಚೆಸ್ಟರ್‌ಗೆ ಕಳಿಸಿದ್ದರು. ನ್ಯೂಯಾರ್ಕ್ ರಾಜ್ಯದಲ್ಲೇ ಇದ್ದರೂ ನ್ಯೂಯಾರ್ಕ್ ನಗರಕ್ಕೂ ಅದಕ್ಕೂ ಸಂಬಂಧವಿಲ್ಲ, ಕೆನಡಾ ಕಡೆಗಿರುವ ಮಧ್ಯಮ ಗಾತ್ರದ ಊರು. ಕೊಡಾಕ್ ಕಂಪನಿಯ ಊರು. ಅಲ್ಲಿನ ಈಸ್ಟ್ ಮೇನ್ ಸ್ಟ್ರೀಟಿನಲ್ಲಿ ಸಿಬ್ಲೀಸ್ ಅನ್ನೋ ಭಾರೀ ಡಿಪಾರ್ಟ್‌ಮೆಂಟ್ ಸ್ಟೋರಿನ ಕಟ್ಟಡ ಇನ್ನೂ ನಿಂತಿದೆ, ಅಂಗಡಿ ಮಾತ್ರ 1990ರಲ್ಲೇ ಮುಗಿದುಹೋಯಿತು. ಅದರ ಹತ್ತಿರವೇ ಮ್ಯಾಕರ್ಡೀಸ್, ಫಾರ್ಮನ್ಸ್ ಅನ್ನೋ ಇನ್ನೆರಡು ದೊಡ್ಡ ಅಂಗಡಿಯವರು ಸೇರಿ 1962ರಲ್ಲಿ ಮಿಡ್‌ಟೌನ್ ಪ್ಲಾಜಾ ಅಂತ ಕಟ್ಟಿಸಿದರು. ವಿನ್ಯಾಸ ಮಾಡಿದ್ದು ವಿಕ್ಟರ್ ಗ್ರೂಯೆನ್. 1956ರಲ್ಲಿ ಮಿನೆಸೋಟಾದ ಈಡೈನಾದಲ್ಲಿ ಸೌತ್‌ಡೇಲ್ ಕಟ್ಟಿ, ಇಡೀ ಬಜಾರಿಗೇ ಸೂರು ಹಾಕಿ ಒಳಗೆ ತಂಪು ತುಂಬಿಸುವ ಮಾಲ್ ಅನ್ನೋ ಕಲ್ಪನೆಯನ್ನು ಜಗತ್ತಿಗೆ ಕೊಟ್ಟ ಅದೇ ಮನುಷ್ಯ. ಮಿಡ್‌ಟೌನಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳಿಗಾಗಿ ಮೇಲಿಂದ ಪುಟ್ಟ ಮೊನೊರೈಲು ಓಡುತ್ತಿತ್ತಂತೆ. 2008ರಲ್ಲಿ ಅದನ್ನೂ ಮುಚ್ಚಿ ಆಮೇಲೆ ಕೆಡವಿದರು.

ನನಗೆ ಅಲ್ಲಿ ಹಿಡಿಸಿದ್ದು ಕಟ್ಟಡಗಳಲ್ಲ, ಕೊಡಾಕ್ ಬೋನಸ್ಸಿನ ಕತೆ. ಕೊಡಾಕಿನವರು 1912ರಿಂದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಲಾಭದಲ್ಲಿ ಒಂದು ಪಾಲು ಹಂಚುತ್ತಿದ್ದರು. ಮಾರ್ಚಿನಲ್ಲಿ ಆ ದುಡ್ಡು ಕೈಗೆ ಬರುವ ಹೊತ್ತಿಗೆ ಊರಿನ ಅಂಗಡಿ, ಕಾರು ಮಾರುವವರು, ಎಲ್ಲರೂ ಬೋನಸ್ ಸೇಲ್ ಬೋರ್ಡು ಹಾಕುತ್ತಿದ್ದರು. 1982ರಲ್ಲಿ ಆ ಒಂದೂರಿನಲ್ಲೇ ಕೊಡಾಕಿಗೆ ಅರವತ್ತು ಸಾವಿರಕ್ಕೂ ಹೆಚ್ಚು ಜನ ಕೆಲಸಕ್ಕಿದ್ದರು. 2012ರ ಜನವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಇದನ್ನೆಲ್ಲ ನನಗೆ ಹೇಳಿದ್ದು ಬಸ್ ಸ್ಟಾಪಿನಲ್ಲಿ ಸಿಕ್ಕ ಒಬ್ಬ ಅಜ್ಜ. ಕೇಳ್ತಾ ಕೇಳ್ತಾ ನನಗೆ ಅನ್ನಿಸಿದ್ದು ಒಂದೇ, ಅರೇ, ಇದು ನಮ್ಮ ಭದ್ರಾವತಿ!

ಅಮೆರಿಕದ ಪೇಟೆಗಳು ಹಾಳಾದದ್ದಕ್ಕೆ ಎಲ್ಲರೂ ಕಾರಿನ ಕಡೆ ಬೆರಳು ತೋರಿಸುತ್ತಾರೆ. ಜನ ಊರಾಚೆ ಮನೆ ಮಾಡಿದರು, ಊರಾಚೆ ಮಾಲ್ ಬಂತು, ಪೇಟೆ ಸತ್ತಿತು ಅಂತ. ಅದೂ ನಿಜವೇ. ಆದರೆ ಒಂದೇ ಕೈಯಿಂದ ಸಂಬಳ ತಗೊಳ್ಳುವ ಊರಿನ ಅಂಗಡಿಯ ಕತೆ ಬೇರೆಯೇ.

*

ಭದ್ರಾವತಿಗೆ ಮೊದಲಿದ್ದ ಹೆಸರು ಬೆಂಕಿಪುರ. ಹಳೇನಗರದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ, ಪಕ್ಕದಲ್ಲಿ ಭದ್ರಾ ಹೊಳೆ, ಇಷ್ಟೇ ಇದ್ದ ಊರು. ಮೈಸೂರು ಸಂಸ್ಥಾನದವರು ಇಲ್ಲಿ ಕಬ್ಬಿಣದ ಕಾರ್ಖಾನೆ ಹಾಕಿದರು. ಅದಿರು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಸುತ್ತಲ ಮಲೆನಾಡಿನ ಕಾಡಿನಿಂದ, ನೀರು ಹೊಳೆಯಿಂದ. 1923ರಲ್ಲಿ ಕುಲುಮೆ ಹೊತ್ತಿತು. ವಿಶ್ವೇಶ್ವರಯ್ಯನವರು ಅದೇ ವರ್ಷ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1929ರವರೆಗೂ ಇದ್ದರು. 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಹೀಗೆ ಒಂದು ಹಳ್ಳಿಯ ಪಕ್ಕಕ್ಕೆ ನ್ಯೂ ಟೌನ್, ಪೇಪರ್ ಟೌನ್ ಅಂತ ಎರಡು ಹೊಸ ಊರುಗಳು ಹುಟ್ಟಿಕೊಂಡವು. ಹೆಸರೇ ನೋಡಿ, ಟೌನ್ ಅಂತೆ!

ಕೆಲಸಕ್ಕೆ ಬಂದವರು ಬರೀ ಸುತ್ತಮುತ್ತಲಿನವರಲ್ಲ. ತಮಿಳರು, ತೆಲುಗರು, ಮಲಯಾಳಿಗಳು, ಮರಾಠಿಗರು, ಉರ್ದು ಮಾತಾಡುವವರು ಎಲ್ಲರೂ ಬಂದರು. ತಾತನೂ ಹಾಗೇ ತರೀಕೆರೆ ಕಡೆಯ ಹಳ್ಳಿಯಿಂದ ಕಾರ್ಖಾನೆ ಕೆಲಸಕ್ಕೆ ಅಂತಲೇ ಬಂದವರು. ಕೆಲಸ ಸಿಗಲಿಲ್ಲ. ವಾಪಸು ಹೋಗೋಕೆ ಮುಖ ಇಲ್ಲದೆ 1961ರಲ್ಲಿ ಹತ್ತಡಿ ಅಗಲದ ದಿನಸಿ ಅಂಗಡಿ ಹಾಕಿದರು. ನಾಲ್ಕನೇ ಕ್ಲಾಸು ಓದಿದ ಮನುಷ್ಯ ಐದು ಭಾಷೆಯಲ್ಲಿ ವ್ಯಾಪಾರ ಮಾಡುತ್ತಿದ್ದರು. ಪೊಂಗಲ್‌ಗೆ ಏನು ಬೇಕು, ಓಣಂಗೆ ಏನು ಬೇಕು, ರಂಜಾನಿಗೆ ಎಷ್ಟು ಶ್ಯಾವಿಗೆ ತರಿಸಬೇಕು, ಎಲ್ಲ ಬಾಯಲ್ಲೇ ಲೆಕ್ಕ.

ಊರಿಗೆಲ್ಲ ಒಂದೇ ಗಡಿಯಾರ, ಕಾರ್ಖಾನೆಯ ಸೈರನ್ನು. ಶಿಫ್ಟು ಬಿಟ್ಟಾಗ ಸೈಕಲ್ಲುಗಳು ಗೇಟಿನಿಂದ ಹೊಳೆ ಹಾಗೆ ಹೊರಗೆ ಬರುತ್ತಿದ್ದವಂತೆ, ಅಪ್ಪ ಹೇಳೋದು. ಸೈರನ್ನು ಕೂಗುವ ಮುಂಚೆ ತಾತ ಬೀಡಿಕಟ್ಟು, ಬೆಂಕಿಪೊಟ್ಟಣ, ಎಲೆಅಡಿಕೆ ಮುಂದೆ ಜೋಡಿಸಿಟ್ಟು ಕೂರುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಬರುವವರಿಗಾಗಿ ಬೆಳಿಗ್ಗೆ ಆರಕ್ಕೇ ಬಾಗಿಲು.

ಆದರೆ ದುಡ್ಡಿಗೆ ಬೇರೆಯೇ ಗಡಿಯಾರ. ಅದು ತಿಂಗಳಿಗೊಂದೇ ಸಲ ಹೊಡೆಯುವುದು. ಪುಸ್ತಕಗಳಲ್ಲಿ ಇದು ಕಣ್ಣಿಗೆ ರಾಚುವ ಹಾಗೆ ಕಾಣುತ್ತದೆ. ತಿಂಗಳ ಮೊದಲ ವಾರ ಪುಟ ತುಂಬ ಸಾಲ, ಸಂಬಳದ ದಿನ ದಾಟಿದರೆ ಸಾಲು ಸಾಲಾಗಿ ಕೆಂಪು ಶಾಯಿಯ ಅಡ್ಡಗೆರೆ. ಇಪ್ಪತ್ತನೇ ತಾರೀಖಿಗೆ ಮತ್ತೆ ಸಾಲ ಶುರು. ವೇತನ ಪಾವತಿ ಕಾಯ್ದೆಯಲ್ಲಿ ಸಾವಿರಕ್ಕಿಂತ ಕಡಿಮೆ ಜನರಿರುವ ಕಡೆ ಏಳನೇ ತಾರೀಖಿನೊಳಗೆ, ಅದಕ್ಕಿಂತ ದೊಡ್ಡ ಕಡೆ ಹತ್ತನೇ ತಾರೀಖಿನೊಳಗೆ ಸಂಬಳ ಕೊಡಬೇಕು ಅಂತ ಇತ್ತು. ಕಾನೂನು ಓದಿದವರಿಗೆ ಅದೊಂದು ಕಲಮು. ನಮ್ಮ ಮನೆಯಲ್ಲಿ ಅದು ಅಮಾವಾಸ್ಯೆ, ಹುಣ್ಣಿಮೆ ಇದ್ದ ಹಾಗೆ. ಅಜ್ಜಿ ಏನಾದರೂ ಕೇಳಿದರೆ ತಾತನ ಉತ್ತರ ಒಂದೇ, "ಹತ್ತು ಆಗ್ಲಿ".

ಇನ್ನು ಬೋನಸ್ಸು. 1965ರ ಬೋನಸ್ ಕಾಯ್ದೆ ಬಂದಮೇಲೆ ಕಾರ್ಖಾನೆಗಳಲ್ಲಿ ಅದು ಕೆಲಸಗಾರರ ಹಕ್ಕಾಯಿತು. ಆಯುಧಪೂಜೆ, ದೀಪಾವಳಿ ಹೊತ್ತಿಗೆ ಕೈಗೆ ಇಡೀ ದುಡ್ಡು. ಇಲ್ಲೇ ನೋಡಿ ನನ್ನ ಪ್ರಶ್ನೆಗೆ ಅರ್ಧ ಉತ್ತರ ಇರೋದು. ಸಂಬಳದ ದುಡ್ಡು ಕೈಗೆ ಬರುವ ಮೊದಲೇ ದಿನಸಿ ಅಂಗಡಿಗೆ ಖರ್ಚಾಗಿರುತ್ತಿತ್ತು. ಬಿಡಿಯಾಗಿ ಸಿಗುತ್ತಿದ್ದದ್ದು ಬೋನಸ್ಸು ಮಾತ್ರ, ಅದೂ ವರ್ಷಕ್ಕೊಮ್ಮೆ, ಊರಿಗೆಲ್ಲ ಒಟ್ಟಿಗೆ. ವರ್ಷಕ್ಕೆ ಹದಿನೈದು ದಿನ ನಡೆಯುವ ವ್ಯಾಪಾರಕ್ಕೆ ಯಾರು ತಾನೇ ಮೂರು ಅಂತಸ್ತಿನ ಜವಳಿ ಅಂಗಡಿ ಹಾಕುತ್ತಾರೆ? ಹಾಗಾಗಿ ಭದ್ರಾವತಿಯಲ್ಲಿ ಬೆಳೆದದ್ದು ದಿನಸಿ, ಹೋಟೆಲು, ಸೈಕಲ್ ಶಾಪು, ಗಿರವಿ ಅಂಗಡಿ. ಬೋನಸ್ಸಿನ ದುಡ್ಡು ಬಸ್ಸು ಹತ್ತಿ ಗಾಂಧಿ ಬಜಾರಿಗೆ ಹೋಗುತ್ತಿತ್ತು.

*

ಇನ್ನರ್ಧ ಉತ್ತರ ಶಿವಮೊಗ್ಗದಲ್ಲಿದೆ.

ಗಾಂಧಿ ಬಜಾರಿಗೆ ಹೋಗದವರಿಗೆ ಹೇಳೋದು ಕಷ್ಟ. ಶಿವಪ್ಪ ನಾಯಕನ ಪ್ರತಿಮೆಯ ಕಡೆಯಿಂದ ಒಳಗೆ ಹೊಕ್ಕರೆ ಉದ್ದಕ್ಕೂ ಅಂಗಡಿ. ಎಡಕ್ಕೆ ಬಲಕ್ಕೆ ಕೇರಿಗಳು. ಕುಚಲಕ್ಕಿ ಕೇರಿ, ನಾಗಪ್ಪನ ಕೇರಿ, ಎಲೆ ರೇವಣ್ಣ ಕೇರಿ, ತಿರುಪಳಯ್ಯನ ಕೇರಿ. ಈ ಹೆಸರುಗಳನ್ನು ಒಂದು ಸಲ ಜೋರಾಗಿ ಓದಿ, ಅಕ್ಕಿಯ ವಾಸನೆ ಬರುತ್ತೆ! ಪಾತ್ರೆಗೆ ಒಂದು ಕಡೆ, ಚಿನ್ನಕ್ಕೆ ಒಂದು ಕಡೆ, ಬಳೆಗೆ ಒಂದು ಕಡೆ, ಗ್ರಂಥಿಗೆ ಅಂಗಡಿ ಒಂದು ಕಡೆ. ಡಿಪಾರ್ಟ್‌ಮೆಂಟ್ ಸ್ಟೋರ್ ಅಂದರೇನು, ಒಂದೇ ಸೂರಿನಡಿ ಬಗೆಬಗೆಯ ವಿಭಾಗಗಳು, ಅಷ್ಟೇ ತಾನೆ. ನಮ್ಮಲ್ಲಿ ಸೂರಿರಲಿಲ್ಲ, ವಿಭಾಗಗಳೆಲ್ಲ ಮೊದಲಿಂದಲೂ ಇದ್ದವು.

ಒಂದು ವ್ಯತ್ಯಾಸ ಇತ್ತು. ಪ್ಯಾರಿಸ್ಸಿನ ಬಾನ್ ಮಾರ್ಶೆಯಿಂದ ಹಿಡಿದು ಅಮೆರಿಕದ ಅಂಗಡಿಗಳವರೆಗೆ ಅವರೆಲ್ಲರ ದೊಡ್ಡ ಹೆಗ್ಗಳಿಕೆ ಬೆಲೆ ಚೀಟಿ. ಬರೆದಷ್ಟೇ ದರ, ಯಾರಿಗಾದರೂ ಅಷ್ಟೇ. ಗಾಂಧಿ ಬಜಾರಿನಲ್ಲಿ "ಒಂದೇ ದರ" ಅಂತ ಬೋರ್ಡು ಹಾಕಿದ ಅಂಗಡಿಯಲ್ಲೂ ನಮ್ಮಮ್ಮ ಐವತ್ತು ರೂಪಾಯಿ ಇಳಿಸದೆ ಎದ್ದು ಬಂದ ದಾಖಲೆ ಇಲ್ಲ.

ಈ ಬಜಾರು ನಿಂತಿರೋದು ಅಡಿಕೆಯ ಮೇಲೆ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ, ಶಿಕಾರಿಪುರ ಎಲ್ಲ ಕಡೆಯ ಸರಕಿಗೂ ಜಿಲ್ಲಾ ಕೇಂದ್ರವೇ ಪೇಟೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಹೊನ್ನಾಳಿ, ಚನ್ನಗಿರಿಗಳೂ ಶಿವಮೊಗ್ಗಕ್ಕೇ ಸೇರಿದ್ದವು. ಕೊನೆ ಕುಯ್ದು, ಸುಲಿದು, ಬೇಯಿಸಿ, ಒಣಗಿಸಿ, ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಮಾಡಿ ಮಂಡಿಗೆ ಹಾಕುವುದು. ಬೆಳೆಗಾರರು ದಲ್ಲಾಳಿಗಳ ಹಿಡಿತದಿಂದ ಬಿಡಿಸಿಕೊಳ್ಳಲು ಮ್ಯಾಮ್ಕೋಸ್ ಸಹಕಾರ ಸಂಘ ಕಟ್ಟಿಕೊಂಡದ್ದು 1939ರಲ್ಲಿ.

ನಮ್ಮಮ್ಮನ ತವರು ತೀರ್ಥಹಳ್ಳಿ ಕಡೆ. ಎರಡೆಕರೆ ತೋಟ. ಆ ಅಜ್ಜಿ ಹೇಳುತ್ತಿದ್ದ ಪ್ರಕಾರ ಅಡಿಕೆಯನ್ನು ಯಾರೂ ಒಂದೇ ದಿನ ಮಾರುತ್ತಿರಲಿಲ್ಲ. ಸ್ವಲ್ಪ ಕೊನೆ ಕುಯ್ಲು ಮುಗಿದ ಕೂಡಲೇ, ಸ್ವಲ್ಪ ಮಗಳ ಮದುವೆಗೆ, ಸ್ವಲ್ಪ ಬೆಲೆ ಬರಲಿ ಅಂತ ಮಳೆಗಾಲದವರೆಗೂ ಇಟ್ಟುಕೊಳ್ಳುವುದು. ಒಬ್ಬೊಬ್ಬರದು ಒಂದೊಂದು ಹೊತ್ತು. ಹತ್ತು ಮೂಟೆ ಹಾಕಿ ಬಂದವರು ಅವತ್ತೇ ಬಟ್ಟೆ ಅಂಗಡಿಗೆ, ಅಲ್ಲಿಂದ ಪಾತ್ರೆ ಅಂಗಡಿಗೆ, ಅಲ್ಲಿಂದ ಹೋಟೆಲಿಗೆ, ಸಂಜೆ ಬಸ್ಸಿಗೆ ಊರಿಗೆ. ಅಡಿಕೆಗೂ ಕೊಳೆರೋಗ ಬಂದ ವರ್ಷ ಇದೆ, ಬೆಲೆ ಬಿದ್ದ ವರ್ಷ ಇದೆ, ಅಂಥ ವರ್ಷ ಬಜಾರೂ ಮಂಕಾಗುತ್ತಿತ್ತು. ಆದರೆ ದುಡ್ಡು ಸಾವಿರಾರು ಕೈಗಳಿಂದ, ವರ್ಷವಿಡೀ, ಹನಿ ಹನಿಯಾಗಿ ಬರುತ್ತಿತ್ತು. ದೊಡ್ಡ ಅಂಗಡಿ ಬದುಕೋದು ಹಾಗೆ ಬರುವ ದುಡ್ಡಿನಲ್ಲಿ. ಸರಕಾರಿ ಕಚೇರಿ, ಕೋರ್ಟು, ಕಾಲೇಜು ಅಂತ ಬಂದವರ ದುಡ್ಡು ಬೇರೆ.

ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆ ಜಾತ್ರೆ. ಅಮ್ಮನನ್ನು ಮೊದಲ ದಿನ ಕೂರಿಸೋದು ಎಲ್ಲಿ ಗೊತ್ತಾ? ಗಾಂಧಿ ಬಜಾರಿನಲ್ಲಿ. ಅದು ಅವಳ ತವರುಮನೆ. ಅಲ್ಲಿ ಉಡಿ ತುಂಬಿಸಿಕೊಂಡು ಆಮೇಲೆ ಗದ್ದುಗೆಗೆ ಹೋಗುತ್ತಾಳೆ. ಬಜಾರನ್ನೇ ತವರು ಮಾಡಿಕೊಂಡ ದೇವರು ಬೇರೆ ಎಲ್ಲಾದರೂ ಇದ್ದಾಳೋ ಇಲ್ಲವೋ, ನಾನಂತೂ ನೋಡಿಲ್ಲ.

*

ಸೂರು ಇರುವ ಡಿಪಾರ್ಟ್‌ಮೆಂಟ್ ಸ್ಟೋರು ಕರ್ನಾಟಕಕ್ಕೆ ಬಂದದ್ದು ಸಾಹುಕಾರರಿಂದ ಮಾತ್ರ ಅಲ್ಲ, ಸರಕಾರದಿಂದಲೂ ಅನ್ನೋದು ತಮಾಷೆಯ ವಿಷಯ. 1962ರ ಚೀನಾ ಯುದ್ಧದ ಸಮಯದಲ್ಲಿ ಬೆಲೆ ಏರದಂತೆ ತಡೆಯಲು ಕೇಂದ್ರ ಸರಕಾರ ಬಳಕೆದಾರರ ಸಹಕಾರ ಸಂಘಗಳ ಯೋಜನೆ ತಂದಿತು. 1966ರ ಜೂನಿನಲ್ಲಿ ರೂಪಾಯಿ ಅಪಮೌಲ್ಯ ಆದಾಗ ಗಾಬರಿ ಇನ್ನೂ ಹೆಚ್ಚಾಯಿತು, ಮುಂದಿನ ತಿಂಗಳೇ ದೆಹಲಿಯ ಕನಾಟ್ ಪ್ಲೇಸಿನಲ್ಲಿ ಸೂಪರ್ ಬಜಾರ್ ತೆರೆಯಿತು. ನಮ್ಮಲ್ಲಿ ಜನತಾ ಬಜಾರ್. ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ 1930ರ ದಶಕದಲ್ಲಿ ಕಟ್ಟಿದ ಏಷಿಯಾಟಿಕ್ ಬಿಲ್ಡಿಂಗಿನಲ್ಲಿ ಅದು ನಡೆಯುತ್ತಿತ್ತು. ಬೇಳೆಯಿಂದ ಬಟ್ಟೆಯವರೆಗೆ, ಪಾತ್ರೆಯಿಂದ ಪುಸ್ತಕದವರೆಗೆ, ಬರೆದ ದರಕ್ಕೆ, ರಸೀತಿ ಸಮೇತ.

ತಾತ ಒಮ್ಮೆ ಬೆಂಗಳೂರಿಗೆ ಹೋದಾಗ ಅದನ್ನು ನೋಡಿ ಬಂದು ವಾರಗಟ್ಟಲೆ ಅದೇ ಮಾತಾಡಿದ್ದರಂತೆ. ಅವರಿಗೆ ಆಶ್ಚರ್ಯ ಆದದ್ದು ಸಾಮಾನು ನೋಡಿ ಅಲ್ಲ. "ಅಲ್ಲಿ ಯಾರ್ನೂ ಯಾರೂ ನೀನು ಯಾರ ಪೈಕಿ ಅಂತ ಕೇಳಲ್ಲ" ಅಂದಿದ್ದರಂತೆ. ಅದನ್ನು ಮೆಚ್ಚಿ ಹೇಳಿದ್ದೋ ಬೈದು ಹೇಳಿದ್ದೋ ಅಪ್ಪನಿಗೂ ಸರಿಯಾಗಿ ನೆನಪಿಲ್ಲ.

*

ಸರಿ, ಮುಂದೇನಾಯಿತು ಅನ್ನೋದು ನಿಮಗೂ ಗೊತ್ತಿದೆ, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ.

ರಾಜ್ಯದ ಕೈಯಲ್ಲಿದ್ದ ಉಕ್ಕಿನ ಕಾರ್ಖಾನೆ 1989ರಲ್ಲಿ ಕೇಂದ್ರದ ಸೈಲ್ ಅಡಿಗೆ ಹೋಯಿತು, 1998ರಲ್ಲಿ ಅದರೊಳಗೇ ವಿಲೀನವಾಯಿತು. 1991ರ ನಂತರದ ತೆರೆದ ಮಾರುಕಟ್ಟೆಯಲ್ಲಿ ಹಳೆಯ ಯಂತ್ರಗಳ ಸಣ್ಣ ಕಾರ್ಖಾನೆಗೆ ಪೈಪೋಟಿ ಕೊಡುವುದು ಕಷ್ಟ. ನಿವೃತ್ತರಾದವರ ಜಾಗಕ್ಕೆ ಹೊಸಬರು ಬರಲಿಲ್ಲ. ಪೇಪರ್ ಮಿಲ್ಲಿನಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಊರಿಗೆ ಊರೇ ಬೀದಿಗಿಳಿಯಿತು, ಅದೇ ವರ್ಷ ಆಗಸ್ಟಿನಲ್ಲಿ ಮತ್ತೆ ಸ್ವಲ್ಪ ಕೆಲಸ ಶುರುವಾಯಿತು. 1971ರಲ್ಲಿ ಸರಿಸಮ ಇದ್ದ ಊರುಗಳನ್ನು ಈಗ ನೋಡಿ. 2001ರಿಂದ 2011ರ ಒಳಗೆ ಶಿವಮೊಗ್ಗ 2 ಲಕ್ಷ 74 ಸಾವಿರದಿಂದ 3 ಲಕ್ಷ 22 ಸಾವಿರಕ್ಕೆ ಏರಿತು. ಭದ್ರಾವತಿ 1 ಲಕ್ಷ 60 ಸಾವಿರದಿಂದ 1 ಲಕ್ಷ 51 ಸಾವಿರಕ್ಕೆ ಇಳಿಯಿತು. ನಮ್ಮ ದೇಶದಲ್ಲಿ ಒಂದು ಪೇಟೆಯ ಜನಸಂಖ್ಯೆ ಕಮ್ಮಿ ಆಗೋದು ಅಂದರೆ ಸಣ್ಣ ಮಾತಲ್ಲ.

ಇತ್ತ ಶಿವಮೊಗ್ಗದಲ್ಲಿ ಅಂಗಡಿಗಳು ಗಾಂಧಿ ಬಜಾರು ದಾಟಿ ನೆಹರೂ ರಸ್ತೆಗೆ, ದುರ್ಗಿಗುಡಿಗೆ, ಸವಾರ್‌ಲೈನ್ ರಸ್ತೆಗೆ, ಕುವೆಂಪು ರಸ್ತೆಗೆ ಹರಡಿದವು. ನಾನು ನವುಲೆಯಲ್ಲಿ ಎಂಜಿನಿಯರಿಂಗ್ ಓದುವಾಗ ಬಿ.ಎಚ್. ರಸ್ತೆಯ ಸಿಟಿ ಸೆಂಟರ್ ಮಾಲ್ ನಮ್ಮ ಗುಂಪಿನ ಅಡ್ಡಾ. ಕೊಳ್ಳೋದು ಏನೂ ಇರಲಿಲ್ಲ, ಎಸಿ ಗಾಳಿಗೆ ಹೋಗುತ್ತಿದ್ದೆವು. ಒಮ್ಮೆ ತೀರ್ಥಹಳ್ಳಿಯ ಅಜ್ಜಿಯನ್ನು ಕರೆದುಕೊಂಡು ಹೋಗಿದ್ದೆ. ಎಸ್ಕಲೇಟರ್ ಮುಂದೆ ಹತ್ತು ನಿಮಿಷ ನಿಂತು, "ಇದು ನಿಲ್ಲೋವರೆಗೆ ಕಾಯಣ" ಅಂದರು. :) ಕೊನೆಗೆ ಏನೂ ಕೊಳ್ಳದೆ ನಡೆದುಕೊಂಡೇ ಗಾಂಧಿ ಬಜಾರಿಗೆ ಹೋಗಿ ಅವರ ಯಾವತ್ತಿನ ಅಂಗಡಿಯಲ್ಲೇ ಸೀರೆ ತಗೊಂಡರು. ರೋಚೆಸ್ಟರಿನ ಹಾಗೆ ಮಾಲು ಬಂದು ಪೇಟೆಯನ್ನು ನುಂಗಲಿಲ್ಲ ಅನ್ನೋದು ನನ್ನ ಅನಿಸಿಕೆ. ಅದು ಪೇಟೆಯ ಬಗಲಿಗೇ ಬಂದು ಕೂತಿತು. ಹೊಟ್ಟೆಗೆ ಹೊಡೆತ ಕೊಟ್ಟದ್ದು ಕೈಯಲ್ಲಿರುವ ಫೋನು, ಆದರೆ ಅದು ಎಲ್ಲ ಊರಿನ ಕತೆ.

*

ಈಗ ನನ್ನದೊಂದು ತಪ್ಪೊಪ್ಪಿಗೆ. ನಾನು ಬೆಂಗಳೂರಿನಲ್ಲಿ ಮಾಡೋ ಕೆಲಸ ಏನು ಗೊತ್ತಾ? ಈಗ ಕೊಳ್ಳಿ, ಆಮೇಲೆ ಕೊಡಿ ಅನ್ನೋ ಥರದ ಒಂದು ಆ್ಯಪಿಗೆ ಕೋಡ್ ಬರೆಯೋದು. ಗಿರಾಕಿಗೆ ಎಷ್ಟು ಸಾಲ ಕೊಡಬಹುದು ಅಂತ ಲೆಕ್ಕ ಹಾಕುವ ಭಾಗ ನನ್ನ ಟೀಮಿನದ್ದು. ಅಂದರೆ ಕಡದ ಪುಸ್ತಕವೇ. ಹೆಸರಿಲ್ಲ, ನಂಬರು ಮಾತ್ರ. ಇದನ್ನು ತಾತನ ಪುಸ್ತಕ ನೋಡುವವರೆಗೂ ನಾನು ಹೊಸ ಆವಿಷ್ಕಾರ ಅಂದುಕೊಂಡಿದ್ದೆ.

ತಾತನ ಲೆಕ್ಕಾಚಾರ ಹೇಗಿತ್ತು ಅಂತ ಅಪ್ಪನನ್ನು ಕೂರಿಸಿಕೊಂಡು ಕೇಳಿದೆ. ಪರ್ಮನೆಂಟ್ ಕೆಲಸದವರಿಗೆ ಅರ್ಧ ತಿಂಗಳ ಸಂಬಳದವರೆಗೆ. ಕಂಟ್ರಾಕ್ಟ್ ಕೂಲಿಯವರಿಗೆ ಒಂದು ವಾರದ್ದು. ಮನೆಯಲ್ಲಿ ಬಾಣಂತಿ ಇದ್ದರೆ ಬೆಲ್ಲ, ತುಪ್ಪಕ್ಕೆ ಲೆಕ್ಕ ಇಲ್ಲ. ಕುಡಿಯುವವನಾದರೆ ಅವನಿಗೆ ಇಲ್ಲ, ಅವನ ಹೆಂಡತಿ ಬಂದರೆ ಉಂಟು, ಅದೂ ಅಕ್ಕಿ ಬೇಳೆ ಮಾತ್ರ, ಬೀಡಿ ಇಲ್ಲ. ಬಡ್ಡಿ ಇಲ್ಲ, ಆದರೆ ಕಡಕ್ಕೆ ಕೊಳ್ಳುವವರಿಗೆ ದರ ಒಂದೆರಡು ಪೈಸೆ ಜಾಸ್ತಿ. ತಾತ ಧರ್ಮಕ್ಕೆ ಕೊಡುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಕಾರ್ಖಾನೆಯ ಮುಷ್ಕರದ ದಿನಗಳಲ್ಲಿ ಮಾತ್ರ ಈ ನಿಯಮಗಳನ್ನೆಲ್ಲ ಬದಿಗಿಟ್ಟು ಕೊಟ್ಟಿದ್ದಾರೆ. ಅದೂ ಪುಸ್ತಕದಲ್ಲಿ ಕಾಣುತ್ತೆ, ವಾರಗಟ್ಟಲೆ ಒಂದೇ ಒಂದು ಕೆಂಪು ಗೆರೆ ಇಲ್ಲ. "ಕೊಡದೆ ಏನ್ ಮಾಡೋದು, ಅವ್ರು ಹೋದ್ರೆ ನಾವೂ ಹೋದ ಹಾಗೇ" ಅಂದಿದ್ದರಂತೆ.

ನಮ್ಮ ಕೋಡಿನಲ್ಲಿ ಬಾಣಂತಿಗೆ ಜಾಗ ಇಲ್ಲ. ಮುಷ್ಕರಕ್ಕೂ ಇಲ್ಲ. ಮೂವತ್ತು ದಿನ ದಾಟಿದರೆ ಆ ನಂಬರು ತಾನಾಗೇ ಲಾಕ್.

ತಾತ 2009ರಲ್ಲಿ ಹೋದರು. ಅಪ್ಪ ಪುಸ್ತಕ ಮುಂದುವರಿಸಿದರು. ಕೊನೆಯ ನಾಲ್ಕೈದು ಪುಸ್ತಕಗಳಲ್ಲಿ ಡಿಪಾರ್ಟ್‌ಮೆಂಟುಗಳು ಒಂದೊಂದಾಗಿ ಕಾಣೆಯಾಗುತ್ತವೆ. ಮೊದಲು ನಂಬರುಗಳು ಕಮ್ಮಿ ಆಗುತ್ತವೆ, ಆಮೇಲೆ ಡಿಪಾರ್ಟ್‌ಮೆಂಟಿನ ಹೆಸರೇ ಇಲ್ಲ. ಬದಲಿಗೆ "ಮೂಲೆಮನೆ", "ಆಟೋ", "ಟೀಚರ್" ಅಂತ ಬರತೊಡಗುತ್ತದೆ. ಗೆರೆ ಎಳೆಯದ ಲೆಕ್ಕಗಳೂ ಹೆಚ್ಚಾಗುತ್ತವೆ. ಕೆಲವರು ಮಕ್ಕಳ ಹತ್ತಿರ ಬೆಂಗಳೂರಿಗೆ ಹೋದರು, ಕೆಲವರು ಸೇಲಂ, ಧರ್ಮಪುರಿ ಕಡೆ ತಮ್ಮ ಮೂಲ ಊರಿಗೆ ಹೋದರು, ಕೆಲವರು ಹೇಳದೇ ಹೋದರು. ಒಟ್ಟು ಹಾಕಿದೆ. ಬರಬೇಕಾದ್ದು 1 ಲಕ್ಷ 12 ಸಾವಿರ ಚಿಲ್ಲರೆ. ನಮ್ಮ ಮನೆಯ ಆಗಿನ ಪರಿಸ್ಥಿತಿಗೆ ಅದು ದೊಡ್ಡ ಮೊತ್ತ. ನನ್ನ ಎರಡನೇ ವರ್ಷದ ಫೀಸಿಗೆ ಅಮ್ಮನ ಸರ ಹೋದದ್ದು ಯಾಕೆ ಅಂತ ಆ ಪುಟಗಳಲ್ಲಿ ಗೊತ್ತಾಯಿತು.

"ವಸೂಲಿಗೆ ಯಾಕೆ ಹೋಗಲಿಲ್ಲ?" ಅಂತ ಕೇಳಿಯೇಬಿಟ್ಟೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಿಗೆ ಹೋಗ್ಲಿ? ನಂಬರ್ ಕೊಟ್ಟ ಗೇಟಿಗಾ?" ಅಂದರು.

ಅಂಗಡಿ ಬಾಡಿಗೆಗೆ ಹೋಗುತ್ತಿದೆ. ಆನ್‌ಲೈನ್ ಕೊಂಡ ಸಾಮಾನು ಹಂಚುವವರು ಪಾರ್ಸೆಲ್ ಇಟ್ಟುಕೊಳ್ಳಲು ಜಾಗ ಕೇಳಿದ್ದಾರೆ, ಅಪ್ಪ ಒಪ್ಪಿದ್ದಾರೆ. ದಿನಸಿಗಿಂತ ಬಾಡಿಗೆ ವಾಸಿ, ಬೆನ್ನುನೋವೂ ಕಮ್ಮಿ. ಗುಜರಿಯವನು ಅಷ್ಟೊತ್ತಿಗೆ ಎರಡನೇ ಬೀಡಿ ಮುಗಿಸಿ ಒಳಗೆ ಬಂದ. ಪುಸ್ತಕಗಳ ಒಂದೆರಡು ಪುಟ ಫೋಟೋ ತೆಗೆದುಕೊಂಡೆ. ಕಿಲೋಗೆ ಹದಿನಾಲ್ಕು ರೂಪಾಯಿ ಅಂತ ಮಾತಾಯಿತು. ಅವನು ಕಟ್ಟು ಕಟ್ಟುವಾಗ ಅಪ್ಪ ಎದ್ದು ಬಂದು ಮೇಲಿನ ಐದು ಪುಸ್ತಕ ಎತ್ತಿಕೊಂಡರು, ಗೆರೆ ಎಳೆಯದೇ ಉಳಿದಿದ್ದಂಥವು.

"ಇವು ಇರ್ಲಿ" ಅಂದರು. "ಇನ್ನೂ ಬರೋದಿದೆ ಇದ್ರಲ್ಲಿ".